ಮೊದಲ ಗಿಟಾರ್ ಕೊಳ್ಳುವವರಿಗೆ: ಅಂಗಡಿಯಲ್ಲಿ ಏನು ಅಳೆಯಬೇಕು, ಏನು ಬಿಡಬೇಕು

ಗಿಟಾರ್ ಕಲಿಯಲು ಕೂತವರು ಎರಡು ಮೂರು ತಿಂಗಳಿಗೇ ಬಿಟ್ಟುಬಿಟ್ಟರೆ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು, ಆಸಕ್ತಿ ಸಾಲಲಿಲ್ಲ ಅಂತ. ಬಹಳ ಸಲ ತಪ್ಪಿರುವುದು ವಾದ್ಯದಲ್ಲಿ. ತಂತಿ ಫ್ರೆಟ್ಟಿನಿಂದ, ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಂದ, ತೀರಾ ಮೇಲಿದ್ದರೆ ಒತ್ತಲು ಹೆಚ್ಚು ಬಲ ಬೇಕು, ಬೆರಳ ತುದಿ ಉರಿಯುತ್ತದೆ, ಒತ್ತಿದ ತಂತಿ ಎಳೆದುಕೊಂಡು ಶ್ರುತಿಯೂ ಮೇಲೇರುತ್ತದೆ. ಸರಿಯಾಗಿ ಹಿಡಿದ ಜಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೂಡ ಅಪಸ್ವರವಾಗಿ ಕೇಳಿದಾಗ ಹೊಸಬರು ತಮ್ಮ ಕಿವಿಯನ್ನೇ ಅನುಮಾನಿಸಲು ಶುರುಮಾಡುತ್ತಾರೆ. ಹಾಗಾಗಿ ಮೊದಲ ಗಿಟಾರಿನಲ್ಲಿ ನೋಡಬೇಕಾದ್ದು ಎರಡು: ಒತ್ತಲು ಸುಲಭವೇ, ಶ್ರುತಿ ನಿಲ್ಲುತ್ತದೆಯೇ. ಮರ, ಬಣ್ಣ, ಬ್ರಾಂಡ್ ಎಲ್ಲ ಆಮೇಲಿನ ಮಾತು. ಇವೆರಡನ್ನೂ ಅಂಗಡಿಯಲ್ಲೇ ನಿಂತು, ಗಿಟಾರ್ ನುಡಿಸಲು ಬಾರದವರೂ ಅಳೆದು ನೋಡಬಹುದು.

ಎಷ್ಟು ದುಡ್ಡು ತೆಗೆದಿಡಬೇಕು

2,500ರಿಂದ 4,000 ರೂಪಾಯಿಯ ಗಿಟಾರ್‌ಗಳು ಆನ್‌ಲೈನ್‌ನಲ್ಲಿ ಬ್ಯಾಗ್, ಪಿಕ್, ಬೆಲ್ಟ್, ಒಂದು ಜೊತೆ ತಂತಿ ಎಲ್ಲ ಸೇರಿಸಿ ಬರುತ್ತವೆ. ಇವುಗಳಲ್ಲಿ ನುಡಿಸಲು ಯೋಗ್ಯವಾದವೂ ಇವೆ, ಆದರೆ ಒಂದೇ ಮಾದರಿಯ ಎರಡು ಗಿಟಾರ್ ಒಂದೇ ಥರ ಇರುವುದಿಲ್ಲ. ನೋಡದೆ ಕೊಂಡರೆ ಅದು ಅದೃಷ್ಟದ ಆಟ. 5,000ರಿಂದ 7,000ದ ಮಟ್ಟದಲ್ಲಿ ಕುತ್ತಿಗೆಯೊಳಗೆ ಟ್ರಸ್ ರಾಡ್ ಇರುವ ಗಿಟಾರ್ ಸಿಗುತ್ತದೆ. ಟ್ರಸ್ ರಾಡ್ ಅಂದರೆ ಕುತ್ತಿಗೆಯ ಉದ್ದಕ್ಕೂ ಹುದುಗಿಸಿದ ಕಬ್ಬಿಣದ ಸಲಾಕೆ. ಆರು ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುವಾಗ ಕುತ್ತಿಗೆ ಬಾಗದಂತೆ ತಡೆಯುವುದು ಅದರ ಕೆಲಸ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಇದಿಲ್ಲದಿದ್ದರೆ ಬೇಡ. ಒಂದು ವರ್ಷದಲ್ಲಿ ಕುತ್ತಿಗೆ ಬಾಗಿದರೆ ಸರಿಮಾಡಲು ದಾರಿಯೇ ಇರುವುದಿಲ್ಲ.

8,000ದಿಂದ 11,000ದ ಆಸುಪಾಸಿನವರೆಗೆ ಹೋಗಬಲ್ಲವರಿಗೆ ಯಮಹಾದ ಎಫ್ 280, ಎಫ್ 310, ಕೋರ್ಟ್‌ನ ಎಡಿ 810 ಇವೆಲ್ಲ ವರ್ಷಗಳಿಂದ ಸಂಗೀತ ಶಾಲೆಗಳಲ್ಲಿ ಪೆಟ್ಟು ತಿಂದು ನಿಂತಿರುವ ಮಾದರಿಗಳು. ಇವುಗಳ ದೊಡ್ಡ ಲಾಭ ಒಂದು ತುಂಡಿಗೂ ಇನ್ನೊಂದು ತುಂಡಿಗೂ ವ್ಯತ್ಯಾಸ ಕಡಿಮೆ ಇರುವುದು. ಮಾರುವಾಗಲೂ ಬೆಲೆ ಬರುತ್ತದೆ.

ಕೈಯಲ್ಲಿ 10,000 ಇದ್ದರೆ ಎಲ್ಲವನ್ನೂ ಗಿಟಾರಿಗೇ ಸುರಿಯಬೇಡಿ. 8,000ದ ಆಸುಪಾಸಿನಲ್ಲಿ ಗಿಟಾರ್, ಸೆಟಪ್‌ಗೆ (ತಂತಿಯ ಎತ್ತರ, ಕುತ್ತಿಗೆ ಸರಿಮಾಡಿಸುವ ಕೆಲಸ) 500ರಿಂದ 1,500, ಹೊಸ ತಂತಿಗೆ 400ರಿಂದ 700, ಹೆಡ್‌ಸ್ಟಾಕಿಗೆ (ಕುತ್ತಿಗೆಯ ತುದಿಯ ತಲೆಭಾಗ) ಕಚ್ಚಿಸುವ, ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್‌ಗೆ 300ರಿಂದ 500. ಹೀಗೆ ಹಂಚಿಕೊಂಡರೆ 10,000ದ ಗಿಟಾರನ್ನು ಡಬ್ಬಿಯಿಂದ ತೆಗೆದ ಹಾಗೇ ನುಡಿಸುವುದಕ್ಕಿಂತ ಕೈಗೆ ಹಗುರಾದ ವಾದ್ಯ ಸಿಗುತ್ತದೆ.

ಸ್ಟೀಲೋ ನೈಲಾನೋ, ಎಷ್ಟು ಇಂಚು

ಭಾವಗೀತೆ, ಸಿನಿಮಾ ಹಾಡಿಗೆ ಕಾರ್ಡ್ ಹಿಡಿದು ಹಾಡಿಕೊಳ್ಳಬೇಕು ಅನ್ನುವವರಿಗೆ ಸ್ಟೀಲ್ ತಂತಿಯದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೃದು, ಆದರೆ ಕುತ್ತಿಗೆ ಅಗಲ: ಯಮಹಾ ಸಿ 40ಯಲ್ಲಿ ನಟ್‌ನ (ಹೆಡ್‌ಸ್ಟಾಕಿನ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ 52 ಮಿಲಿಮೀಟರ್, ಎಫ್ 310ರಲ್ಲಿ 43. ಚಿಕ್ಕ ಕೈಯವರಿಗೆ ಈ 9 ಮಿಲಿಮೀಟರ್ ದೊಡ್ಡದು. ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಿದರೆ ನಡೆಯುತ್ತದೆ ಎಂದು ಯಾರು ಹೇಳಿದರೂ ಒಪ್ಪಬೇಡಿ. ಅದರ ತೆಳು ಹಲಗೆಯನ್ನು ಅಷ್ಟು ಎಳೆತಕ್ಕೆ ಕಟ್ಟಿರುವುದಿಲ್ಲ, ಹಲಗೆಯ ಮೇಲೆ ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್ ಕಿತ್ತು ಬರುತ್ತದೆ.

ಅಂಗಡಿಯವರು 38, 40, 41 ಎಂದು ಹೇಳುವುದು ಗಿಟಾರಿನ ಒಟ್ಟು ಉದ್ದ, ಇಂಚಿನಲ್ಲಿ. 41 ಇಂಚಿನ ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಜೋರಾಗಿ ಕೇಳುತ್ತದೆ, ಆದರೆ ಐದಡಿಯ ಆಸುಪಾಸಿನವರಿಗೆ ಬಲತೋಳು ಬಾಡಿಯ ಮೇಲೆ ಏರಿ ಭುಜ ನೋಯುತ್ತದೆ. ಅಂಥವರಿಗೆ 38ರಿಂದ 40 ಇಂಚಿನದು, ನಡು ಸಣ್ಣಗಿರುವ ಕನ್ಸರ್ಟ್ ಆಕಾರ ಒಳ್ಳೆಯದು. 8ರಿಂದ 11 ವರ್ಷದ ಮಕ್ಕಳಿಗೆ 36 ಇಂಚಿನ ಮುಕ್ಕಾಲು ಗಾತ್ರ, ಅದಕ್ಕಿಂತ ಚಿಕ್ಕವರಿಗೆ ಅರ್ಧ ಗಾತ್ರದ ನೈಲಾನ್. ‘ಬೆಳೆಯುವ ಮಗು’ ಎಂದು ದೊಡ್ಡದನ್ನೇ ಕೊಡಿಸಿದರೆ ಮಗುವಿನ ಮಣಿಕಟ್ಟು ಸೋಲುತ್ತದೆ.

ಎಡಗೈಯವರು ಬಲಗೈ ಗಿಟಾರಿನಲ್ಲೇ ಕಲಿಯಬಹುದು, ಬಹಳ ಮಂದಿ ಕಲಿತಿದ್ದಾರೆ. ಎಡಗೈಯದೇ ಬೇಕಿದ್ದರೆ ಎಡಗೈಗೆಂದೇ ಮಾಡಿದ್ದನ್ನು ಕೊಳ್ಳಿ. ಬಲಗೈಯದಕ್ಕೆ ತಂತಿ ತಿರುವಿ ಹಾಕಿದರೆ ನಟ್‌ನ ತೋಡುಗಳು ತಂತಿಯ ದಪ್ಪಕ್ಕೆ ಹೊಂದುವುದಿಲ್ಲ, ಸ್ಯಾಡಲ್‌ನ (ಬ್ರಿಡ್ಜಿನ ಮೇಲೆ ತಂತಿ ಹಾಯುವ ಪಟ್ಟಿ) ಓರೆಯೂ ತಿರುಗಾಮುರುಗಾ ಆಗಿ ಶ್ರುತಿ ಕೆಡುತ್ತದೆ.

ಮರದ ವಿಷಯ ಇಷ್ಟೇ: ಈ ಬೆಲೆಯಲ್ಲಿ ಮುಂದಿನ ಹಲಗೆ ಹೆಚ್ಚಾಗಿ ಪ್ಲೈವುಡ್ಡೇ. ಅದರಿಂದ ನಷ್ಟವಿಲ್ಲ, ಹವೆಯ ಏರುಪೇರನ್ನು ಅದು ಒಂಟಿ ಹಲಗೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ‘ಸಾಲಿಡ್ ಟಾಪ್’ ಎಂದು ಹೇಳಿ ಮಾರಿದರೆ ಸೌಂಡ್‌ಹೋಲಿನ, ಅಂದರೆ ಹಲಗೆಯ ನಡುವಿನ ದುಂಡು ತೂತಿನ, ಅಂಚು ನೋಡಿ. ಮೇಲಿನ ಮರದ ಗೆರೆ ಅಂಚಿನ ದಪ್ಪದಲ್ಲೂ ಮುಂದುವರಿದರೆ ಒಂಟಿ ಹಲಗೆ, ಪದರ ಪದರವಾಗಿ ಕಂಡರೆ ಪ್ಲೈ. ಪಿಕಪ್ (ನಾದವನ್ನು ಸ್ಪೀಕರಿಗೆ ಒಯ್ಯುವ ಸಾಧನ) ಇರುವ ಎಲೆಕ್ಟ್ರೋ ಅಕೌಸ್ಟಿಕ್ ಈಗ ಬೇಡ. ಅದೇ ದುಡ್ಡಿನಲ್ಲಿ ಪಿಕಪ್ಪಿಗೆ ಹೋದ ಪಾಲು ಮರ ಮತ್ತು ಕೆಲಸದಿಂದ ಕಳೆದಿರುತ್ತದೆ.

ಅಂಗಡಿಯಲ್ಲಿ

ಜೊತೆಗೆ ಒಯ್ಯಬೇಕಾದ್ದು: ಉಬ್ಬಕ್ಷರ ಇಲ್ಲದ ನಾಲ್ಕು ಹಳೆಯ ಎಟಿಎಂ ಕಾರ್ಡು, ಒಂದು ವಿಸಿಟಿಂಗ್ ಕಾರ್ಡು, ಫೋನಿನಲ್ಲಿ ಟ್ಯೂನರ್ ಆ್ಯಪ್. ಎಟಿಎಂ ಕಾರ್ಡು ಯಾವ ಬ್ಯಾಂಕಿನದಾದರೂ ದಪ್ಪ 0.76 ಮಿಲಿಮೀಟರ್. ಮೂರು ಸೇರಿದರೆ 2.3, ನಾಲ್ಕು ಸೇರಿದರೆ 3 ಮಿಲಿಮೀಟರ್. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಹಿಂದೆ ಖಾಲಿ ಜಾಗ ಇರುತ್ತದೆ, ತಂತಿಯ ಎತ್ತರ ಅಳೆಯಲು ಅದು ಬಾರದು.

ಬೆಂಗಳೂರಿನ ಬಳೇಪೇಟೆಯ ವಾದ್ಯದಂಗಡಿಗಳ ಸಾಲಿಗೇ ಹೋಗಿ, ನಿಮ್ಮೂರಿನ ಒಂದೇ ಅಂಗಡಿಗೇ ಹೋಗಿ, ಮೊದಲು ಗೋಡೆಯಲ್ಲಿ ತೂಗುವ 20,000 ರೂಪಾಯಿಯದೊಂದನ್ನು ಕೇಳಿ ಕೈಗೆತ್ತಿಕೊಳ್ಳಿ. ಕೊಳ್ಳುವುದಕ್ಕಲ್ಲ. ತೋರುಬೆರಳಲ್ಲಿ ಮೊದಲ ಫ್ರೆಟ್ಟಿನ ಹಿಂದೆ ಒಂದನೇ ತಂತಿ, ಅಂದರೆ ತೀರಾ ತೆಳುವಾದದ್ದು, ಒತ್ತಿ ಮೀಟಿ, ತೀರಾ ದಪ್ಪನೆಯ ಆರನೆಯದನ್ನೂ ಒತ್ತಿ ಮೀಟಿ. ಎಷ್ಟು ಬಲಕ್ಕೆ ಸ್ವಚ್ಛ ನಾದ ಬಂತು ಅನ್ನುವುದು ಬೆರಳಿಗೆ ನೆನಪಿರುತ್ತದೆ. ಈಗ ನಿಮ್ಮ ಬೆಲೆಯ ಗಿಟಾರ್ ತೆಗೆದುಕೊಂಡು ಅದೇ ಮಾಡಿ. ಅಂಗಡಿಯ ಹುಡುಗ ನುಡಿಸಿ ತೋರಿಸಿದ್ದನ್ನು ಕೇಳಿ ನಿರ್ಧರಿಸಬೇಡಿ. ಪಳಗಿದ ಕೈಗೆ ಎಂಥ ಗಿಟಾರೂ ಮಣಿಯುತ್ತದೆ.

ಅಳತೆಗೆ ಮುಂಚೆ ಶ್ರುತಿ ಸೇರಿಸಬೇಕು. ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಗೋಡೆಯಲ್ಲಿ ತೂಗಿಟ್ಟ ಗಿಟಾರ್‌ಗಳ ತಂತಿ ಸಡಿಲವಾಗಿರುತ್ತದೆ. ಸಡಿಲ ತಂತಿಯಲ್ಲಿ ಕುತ್ತಿಗೆ ನೇರವಾಗಿ, ಎತ್ತರ ಕಮ್ಮಿಯಾಗಿ ಕಾಣಿಸುತ್ತದೆ, ಮನೆಗೆ ತಂದು ಬಿಗಿದಾಗ ನಿಜ ಗೊತ್ತಾಗುತ್ತದೆ. ಶ್ರುತಿ ಮಾಡುವಾಗಲೇ ತಂತಿ ಬಿಗಿಸುವ ಕೀಗಳನ್ನೂ ಪರೀಕ್ಷಿಸಿದಂತಾಯಿತು. ಕೀ ತಿರುಗಿಸಿದ ಕೂಡಲೇ ಸ್ವರ ಬದಲಾಗಬೇಕು. ಕಾಲು ಸುತ್ತು ತಿರುಗಿಸಿದರೂ ಏನೂ ಆಗದೆ ಆಮೇಲೆ ಹಠಾತ್ತನೆ ಜಿಗಿದರೆ ಗೇರಿನ ಹಲ್ಲು ಸಡಿಲ. ತಿರುಗಿಸುವಾಗ ‘ಟಿಂಗ್’ ಎಂಬ ಸದ್ದು ನಟ್‌ನಿಂದ ಬಂದರೆ ಅದು ಚಿಕ್ಕ ತೊಂದರೆ, ತಂತಿ ನಟ್ಟಿನ ತೋಡಿನಲ್ಲಿ ಕಚ್ಚಿಕೊಳ್ಳುತ್ತಿದೆ. ತೋಡಿಗೆ ಪೆನ್ಸಿಲಿನ ಸೀಸ ಉಜ್ಜಿದರೆ ಹೋಗುತ್ತದೆ. ಹೊಸ ತಂತಿ ಎರಡು ಮೂರು ದಿನ ಹಿಗ್ಗಿ ಶ್ರುತಿ ಇಳಿಯುವುದು ಸಹಜ, ಅದನ್ನು ಕೀಯ ದೋಷ ಎಂದುಕೊಳ್ಳಬೇಡಿ.

ಈಗ ಕುತ್ತಿಗೆ. ಆರನೇ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ 14ನೇ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಬಿಗಿದ ತಂತಿಯೇ ನೇರ ಗೆರೆ. 7ನೇ ಫ್ರೆಟ್ಟಿನ ತಲೆಗೂ ತಂತಿಗೂ ನಡುವೆ ವಿಸಿಟಿಂಗ್ ಕಾರ್ಡು ಹಗುರಾಗಿ ತೂರಿದರೆ ಸರಿ, ಅಂದರೆ 0.2ರಿಂದ 0.3 ಮಿಲಿಮೀಟರ್. ಎಟಿಎಂ ಕಾರ್ಡೇ ತೂರಿದರೆ ಕುತ್ತಿಗೆ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ತೀರಾ ನೇರವಾಗಿದೆ ಇಲ್ಲವೇ ಹಿಂದಕ್ಕೆ ಬಾಗಿದೆ, ಮೊದಲ ಫ್ರೆಟ್‌ಗಳಲ್ಲಿ ತಂತಿ ಝುಂ ಎನ್ನುತ್ತದೆ. ಟ್ರಸ್ ರಾಡ್ ಇದ್ದರೆ ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ. ರಾಡಿನ ಅಲೆನ್ ಬೋಲ್ಟ್ ಸೌಂಡ್‌ಹೋಲಿನ ಒಳಗೋ ನಟ್‌ನ ಹಿಂದಿನ ಚಿಕ್ಕ ಮುಚ್ಚಳದ ಕೆಳಗೋ ಇರುತ್ತದೆ.

ಮುಂದಿನದು ತಂತಿಯ ಎತ್ತರ, ಗಿಟಾರಿನವರ ಮಾತಲ್ಲಿ ಆ್ಯಕ್ಷನ್. 12ನೇ ಫ್ರೆಟ್ಟಿನ ತಲೆಯ ಮೇಲೆ ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಆರನೇ ತಂತಿಯ ಕೆಳಗೆ ತಳ್ಳಿ. ಮೂರು ಸಲೀಸಾಗಿ ಹೋಗಿ ನಾಲ್ಕನೆಯದು ತಂತಿಯನ್ನು ಎತ್ತಿದರೆ ಒಳ್ಳೆಯ ಗಿಟಾರ್. ನಾಲ್ಕೂ ಹೋಗಿ ಇನ್ನೂ ಸಂದು ಉಳಿದರೆ ಸೆಟಪ್ ಬೇಕೇಬೇಕು. ಒಂದನೇ ತಂತಿಗೆ ಎರಡು ಕಾರ್ಡು ಸಲೀಸಾಗಿ ಹೋಗಬೇಕು, ಮೂರನೆಯದು ತಾಗಬೇಕು.

ಇಷ್ಟಕ್ಕೇ ಬಹಳ ಮಂದಿ ನಿಲ್ಲಿಸುತ್ತಾರೆ. ಆದರೆ ಕಲಿಯುವವರು ಮೊದಲ ಆರು ತಿಂಗಳು ಇರುವುದೇ ಮೊದಲ ಮೂರು ಫ್ರೆಟ್ಟಿನ ಒಳಗೆ. ಅಲ್ಲಿ ಬೆರಳಿಗೆ ಹೆಚ್ಚು ನೋವು ಕೊಡುವುದು ನಟ್, ತಂತಿಗಳು ಹೆಡ್‌ಸ್ಟಾಕಿನಿಂದ ಇಳಿದು ಕೂರುವ ಆ ಬಿಳಿ ಪಟ್ಟಿ. ಕಾರ್ಖಾನೆಯಲ್ಲಿ ಅದರ ತೋಡುಗಳನ್ನು ಬೇಕೆಂದೇ ಮೇಲಿರಿಸಿ ಬಿಡುತ್ತಾರೆ, ಯಾಕೆಂದರೆ ಆಳ ಹೆಚ್ಚಾದರೆ ತಂತಿ ಫ್ರೆಟ್ಟಿಗೆ ತಾಗಿ ಸದ್ದು ಮಾಡುತ್ತದೆ, ಗ್ರಾಹಕರು ಹಿಂದಿರುಗಿಸುತ್ತಾರೆ. ಪರೀಕ್ಷೆ ಸುಲಭ. 3ನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ, 1ನೇ ಫ್ರೆಟ್ಟಿನ ಮೇಲೆ ಉಳಿದ ಸಂದು ನೋಡಿ. ಒಂದು ಹಾಳೆ ಕಾಗದದಷ್ಟಿದ್ದರೆ ಸಾಕು. ವಿಸಿಟಿಂಗ್ ಕಾರ್ಡು ಆರಾಮಾಗಿ ತೂರುವಷ್ಟಿದ್ದರೆ ನಟ್ ಎತ್ತರ. ಅಂಗಡಿಯಲ್ಲಿ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಇದ್ದರೆ 1ನೇ ಫ್ರೆಟ್ಟಿಗೆ ಹಾಕಿ ಒತ್ತಿ ನೋಡಿ. ಗಿಟಾರ್ ಇದ್ದಕ್ಕಿದ್ದಂತೆ ಹಗುರಾಯಿತು ಅನ್ನಿಸಿದರೆ ದೋಷ ನಟ್‌ನದ್ದೇ.

ಆಮೇಲೆ ತಾಳ್ಮೆಯ ಕೆಲಸ. ಆರೂ ತಂತಿಯನ್ನು 1ರಿಂದ 12ರವರೆಗೆ ಒಂದೊಂದೇ ಫ್ರೆಟ್ಟಿನಲ್ಲಿ ಒತ್ತಿ ಸಾಧಾರಣ ಬಲದಲ್ಲಿ ಮೀಟಿ. 72 ಸ್ವರ, ಐದು ನಿಮಿಷ. ಎಲ್ಲೋ ಒಂದೇ ಕಡೆ ಝುಂ ಎಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ನಾಲ್ಕೈದು ಕಡೆ ಎದ್ದಿದ್ದರೆ ಆ ತುಂಡು ಬಿಟ್ಟು ಇನ್ನೊಂದು ಕೇಳಿ. ಎರಡು ಫ್ರೆಟ್ಟಿನಲ್ಲಿ ಒಂದೇ ಸ್ವರ ಬಂದರೂ ಅದೇ ಕಾರಣ. ಕೈಯನ್ನು ಕುತ್ತಿಗೆಯ ಅಂಚಿನುದ್ದಕ್ಕೂ ಸವರಿ, ಫ್ರೆಟ್ಟಿನ ತುದಿಗಳು ಚರ್ಮ ಗೀರಬಾರದು.

ಟ್ಯೂನರ್ ಆ್ಯಪ್ ಇನ್ನೊಮ್ಮೆ ತೆರೆಯಿರಿ. ತಂತಿಯನ್ನು ಖಾಲಿ ಮೀಟಿ, ಸೂಜಿ ನಡುವಿಗೆ ತಂದುಕೊಳ್ಳಿ. ಅದೇ ತಂತಿಯನ್ನು 12ನೇ ಫ್ರೆಟ್ಟಿನಲ್ಲಿ ಮೆಲ್ಲಗೆ ಒತ್ತಿ ಮೀಟಿದರೆ ಒಂದು ಸ್ಥಾಯಿ ಮೇಲಿನ ಅದೇ ಸ್ವರ ಬರಬೇಕು. 5 ಸೆಂಟ್ಸ್ (ಪಕ್ಕಪಕ್ಕದ ಎರಡು ಫ್ರೆಟ್ಟಿನ ಸ್ವರಗಳ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್) ಆಚೀಚೆ ಪರವಾಗಿಲ್ಲ. ಹಲವು ತಂತಿಯಲ್ಲಿ 10ಕ್ಕಿಂತ ಹೆಚ್ಚು ಮೇಲೇರಿದರೆ ತುಕ್ಕು ಹಿಡಿದ ತಂತಿ ಕಾರಣವಿರಬಹುದು, ಎತ್ತರದ ಆ್ಯಕ್ಷನ್ ಇರಬಹುದು, ಬ್ರಿಡ್ಜನ್ನೇ ತಪ್ಪು ಜಾಗದಲ್ಲಿ ಅಂಟಿಸಿರಬಹುದು. ಮೊದಲೆರಡು ಸರಿಹೋಗುತ್ತವೆ, ಮೂರನೆಯದು ಹೋಗುವುದಿಲ್ಲ. ಆ್ಯಕ್ಷನ್ ಸರಿಯಿದ್ದು, ಹೊಸ ತಂತಿ ಹಾಕಿಯೂ ಹೀಗಾದರೆ ಆ ಗಿಟಾರ್ ಬೇಡ.

ಕೊನೆಗೆ ಬ್ರಿಡ್ಜಿನ ಹಿಂಬದಿಯ ಅಂಚಿನ ಕೆಳಗೆ ತೆಳು ಕಾಗದ ತೂರಿಸಿ ನೋಡಿ. ತೂರಿತು ಅಂದರೆ ಅಂಟು ಬಿಡುತ್ತಿದೆ. ಕುತ್ತಿಗೆ ಬಾಡಿಗೆ ಸೇರುವ ಬುಡದಲ್ಲಿ ಬಿರುಕು, ಸಂದು ಇರಬಾರದು. ಬೆರಳಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ತಟ್ಟಿ, ಒಳಗೆ ಗಲಗಲ ಎಂದರೆ ಒಳಪಟ್ಟಿ ಸಡಿಲವಾಗಿದೆ. ಬ್ರಿಡ್ಜಿನ ಸುತ್ತ ಹಲಗೆ ತುಸು ಉಬ್ಬಿರುವುದು ಮಾತ್ರ ಸಹಜ.

ಯಾವ ದೋಷಕ್ಕೆ ಮದ್ದಿದೆ

ಆ್ಯಕ್ಷನ್ ಎತ್ತರ, ನಟ್ ಎತ್ತರ, ತುಸು ಬಾಗಿದ ಕುತ್ತಿಗೆ, ಒಂದೆರಡು ಎದ್ದ ಫ್ರೆಟ್, ಹಳೆಯ ತಂತಿ, ಇವೆಲ್ಲ ಗಿಟಾರ್ ರಿಪೇರಿಯವರ ಒಂದು ದಿನದ ಕೆಲಸ. ತಿರುಚಿದ ಕುತ್ತಿಗೆ, ಏಳುತ್ತಿರುವ ಬ್ರಿಡ್ಜ್, ತಪ್ಪು ಜಾಗದ ಬ್ರಿಡ್ಜ್, ಹೆಡ್‌ಸ್ಟಾಕಿನ ಬುಡದ ಬಿರುಕು, ಈ ಬೆಲೆಯ ಗಿಟಾರಿನಲ್ಲಿ ಇವುಗಳ ರಿಪೇರಿಗೆ ಕೈಹಾಕುವುದು ಲಾಭದ ಮಾತಲ್ಲ.

ಒಂದು ಲೆಕ್ಕ ಮಾತ್ರ ಅಂಗಡಿಯಲ್ಲೇ ಮಾಡಿಕೊಳ್ಳಿ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿಲಿಮೀಟರ್ ಇಳಿಸಲು ಸ್ಯಾಡಲ್ಲನ್ನು 2 ಮಿಲಿಮೀಟರ್ ತೇಯಬೇಕು. ಆರನೇ ತಂತಿ 3.5ರಲ್ಲಿದ್ದು 2.7ಕ್ಕೆ ತರಬೇಕಾದರೆ ಸ್ಯಾಡಲ್ 1.6 ಕಮ್ಮಿಯಾಗಬೇಕು. ತೇಯ್ದ ಮೇಲೂ ಬ್ರಿಡ್ಜಿನಿಂದ ಕನಿಷ್ಠ 2 ಮಿಲಿಮೀಟರ್ ಮೇಲೆ ಉಳಿಯಬೇಕು, ಇಲ್ಲದಿದ್ದರೆ ತಂತಿಯ ಒತ್ತು ಸಾಲದೆ ನಾದ ಸಪ್ಪೆಯಾಗುತ್ತದೆ. ಈಗಲೇ 2 ಮಿಲಿಮೀಟರ್ ಮಾತ್ರ ಹೊರಗಿದ್ದು ತಂತಿ ಎತ್ತರವಿದ್ದರೆ ಕುತ್ತಿಗೆಯ ಕೋನವೇ ತಪ್ಪಿದೆ. ಸೆಟಪ್ಪಿನಿಂದ ಅದು ಬಗೆಹರಿಯುವುದಿಲ್ಲ.

ಸ್ಯಾಡಲ್ ತೇಯುವುದನ್ನು ಮನೆಯಲ್ಲೂ ಮಾಡಬಹುದು. ತಂತಿ ಪೂರ್ತಿ ಸಡಿಲಿಸಿ, ಅವನ್ನು ಬ್ರಿಡ್ಜಿನಲ್ಲಿ ಹಿಡಿದಿಡುವ ಪಿನ್ ತೆಗೆದು, ಬಟ್ಟೆ ಸುತ್ತಿದ ಇಕ್ಕಳದಲ್ಲಿ ಸ್ಯಾಡಲ್ ನೇರ ಮೇಲಕ್ಕೆ ಎಳೆಯಿರಿ. ತಳದಿಂದ ಎಷ್ಟು ತೇಯಬೇಕೋ ಅಲ್ಲಿಗೆ ಪೆನ್ಸಿಲ್ ಗೆರೆ ಹಾಕಿ. ಗಾಜಿನ ಮೇಲೆ 150 ನಂಬರಿನ ಸ್ಯಾಂಡ್‌ಪೇಪರ್ ಹಾಸಿ, ಸ್ಯಾಡಲ್ ಆಚೀಚೆ ವಾಲದಂತೆ ಹಿಡಿದು ತಳವನ್ನಷ್ಟೇ ತೇಯಿರಿ. ಗೆರೆಗೆ ಮುಂಚೆಯೇ ನಿಲ್ಲಿಸಿ, ಹಾಕಿ, ಶ್ರುತಿ ಮಾಡಿ, ಅಳೆದು ಮತ್ತೆ ತೇಯಿರಿ. ತಳ ಸಮನಾಗಿಲ್ಲದಿದ್ದರೆ ಕೆಲವು ತಂತಿ ಮಂಕಾಗಿ ಕೇಳುತ್ತವೆ. ಟ್ರಸ್ ರಾಡ್ ತಿರುಗಿಸುವುದಾದರೆ ಒಮ್ಮೆಗೆ ಕಾಲು ಸುತ್ತು. ಬಲಕ್ಕೆ ತಿರುಗಿಸಿದರೆ ಮುಂದೆ ಬಾಗಿದ್ದು ನೇರವಾಗುತ್ತದೆ. ಬೋಲ್ಟ್ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ನಟ್‌ನ ತೋಡನ್ನು ಮಾತ್ರ ನೀವೇ ಅರದಿಂದ ಉಜ್ಜಬೇಡಿ. ಅದಕ್ಕೆ ತಂತಿಯ ದಪ್ಪಕ್ಕೆ ತಕ್ಕ ಅರಗಳು ಬೇಕು, ಒಂದಿಷ್ಟು ಹೆಚ್ಚು ಹೋದರೂ ನಟ್ಟೇ ಬದಲಿಸಬೇಕಾಗುತ್ತದೆ.

ರಿಪೇರಿಯವರು ಊರಿನಲ್ಲಿ ಇಲ್ಲದವರಿಗೆ ಒಂದು ಉಪಾಯ: ಆರೂ ತಂತಿಯನ್ನು ಎರಡು ಫ್ರೆಟ್ಟಿನಷ್ಟು ಕೆಳಗೆ, ಡಿ, ಜಿ, ಸಿ, ಎಫ್, ಎ, ಡಿ ಎಂದು ಶ್ರುತಿ ಮಾಡಿ 2ನೇ ಫ್ರೆಟ್ಟಿಗೆ ಕೇಪೋ ಹಾಕಿ. ಸ್ವರ ಮಾಮೂಲಿನದೇ ಬರುತ್ತದೆ, ಎಳೆತ ತಗ್ಗುತ್ತದೆ, ನಟ್‌ನ ಎತ್ತರ ಲೆಕ್ಕಕ್ಕೇ ಬರುವುದಿಲ್ಲ.

ತಂತಿಯ ದಪ್ಪವೂ ಬೆರಳಿಗೆ ನೆರವಾಗುತ್ತದೆ. ಹೊಸಬರಿಗೆ .010 ಇಂಚಿನಿಂದ (ಒಂದನೇ ತಂತಿಯ ದಪ್ಪ) ಶುರುವಾಗುವ ಎಕ್ಸ್‌ಟ್ರಾ ಲೈಟ್ ಅಥವಾ .011ರ ಜೊತೆ ಕೇಳಿ. .012 ನಾದಕ್ಕೆ ಚೆಂದ, ಆದರೆ ಬೆರಳ ತುದಿ ಗಟ್ಟಿಯಾದ ಮೇಲೆ ಹಾಕಿಕೊಳ್ಳಿ. ಸರಿಯಾದ ಗಿಟಾರಿನಲ್ಲೂ ಮೊದಲ ಮೂರು ನಾಲ್ಕು ವಾರ ಬೆರಳು ನೋಯುತ್ತದೆ, ಅದಕ್ಕೆ ಗಾಬರಿ ಬೇಡ.

ಆನ್‌ಲೈನ್ ಮತ್ತು ಸೆಕೆಂಡ್ ಹ್ಯಾಂಡ್

ಆನ್‌ಲೈನ್‌ನಲ್ಲಿ ತರಿಸುವವರು ವಾಪಸು ಪಡೆಯುವ ಅವಧಿ ಎಷ್ಟು ದಿನ, ಹಣ ಮರಳುತ್ತದೋ ಬದಲಿ ಮಾತ್ರವೋ ಎಂದು ಮೊದಲೇ ಓದಿಕೊಳ್ಳಿ. ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡಿ. ಬಿಚ್ಚಿದ ದಿನವೇ ಶ್ರುತಿ ಸೇರಿಸಿ, ರಾತ್ರಿಯಿಡೀ ಬಿಟ್ಟು, ಮರುದಿನ ಮೇಲಿನ ಅಳತೆಗಳನ್ನೆಲ್ಲ ಮಾಡಿ. ತಂತಿಯ ಪೂರ್ಣ ಎಳೆತಕ್ಕೆ ಸಿಕ್ಕ ಮೇಲೆ ಕುತ್ತಿಗೆ ಒಂದು ದಿನ ತೆಗೆದುಕೊಂಡು ತನ್ನ ನಿಜವಾದ ಬಾಗು ತೋರಿಸುತ್ತದೆ. ದೋಷವಿದ್ದರೆ ಕಾರ್ಡು ತೂರಿಸಿದ ಫೋಟೋ ಸಮೇತ ದೂರು ಕೊಡಿ. ‘ನುಡಿಸಲು ಕಷ್ಟ’ ಎಂಬ ದೂರಿಗಿಂತ ‘12ನೇ ಫ್ರೆಟ್ಟಿನಲ್ಲಿ 4 ಮಿಲಿಮೀಟರ್’ ಎಂಬ ದೂರಿಗೆ ಬೇಗ ಉತ್ತರ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ. ಆರು ತಿಂಗಳು ಮೂಲೆಯಲ್ಲಿ ಕೂತ ಎಫ್ 310 ಬೆಂಗಳೂರಿನಲ್ಲಿ ಅರ್ಧ ಬೆಲೆಯ ಆಸುಪಾಸಿಗೆ ಸಿಗುವುದುಂಟು. ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಗುಳಿ ಬಿದ್ದಿದೆಯೇ, ಹೆಡ್‌ಸ್ಟಾಕಿನ ಹಿಂಬದಿಯಲ್ಲಿ ಕೂದಲೆಳೆಯ ಬಿರುಕಿದೆಯೇ, ಇವೆರಡನ್ನು ಹೆಚ್ಚುವರಿಯಾಗಿ ನೋಡಿ. ಚೌಕಾಸಿ ಮಾಡುವಾಗ ಹೊಸ ತಂತಿ ಮತ್ತು ಸೆಟಪ್ಪಿನ ಖರ್ಚನ್ನು ಬೆಲೆಯಿಂದ ಕಳೆದು ಕೇಳಿ. ಹಳೆಯ ಮನೆಗಳಿಂದ ಬರುವ ಕೆಲವು ಗಿಟಾರ್‌ಗಳು ಹವಾಯಿಯನ್ ಆಗಿರುತ್ತವೆ, ಮಡಿಲಲ್ಲಿಟ್ಟು ಕಬ್ಬಿಣದ ತುಂಡು ಜಾರಿಸಿ ನುಡಿಸಲೆಂದು ತಂತಿಯನ್ನು ಒಂದು ಸೆಂಟಿಮೀಟರಿನಷ್ಟು ಮೇಲೆ ಕಟ್ಟಿರುತ್ತಾರೆ. ಅವು ಕಾರ್ಡ್ ಹಿಡಿಯುವುದಕ್ಕಲ್ಲ.

ಗಿಟಾರ್ ಇಡುವ ಜಾಗ

ಗಿಟಾರಿಗೆ ಹಿತವಾದ ತೇವಾಂಶ ಶೇ. 45ರಿಂದ 55. ಮಂಗಳೂರಿನ ಜುಲೈಯಲ್ಲಿ ಅದು 90ರ ಹತ್ತಿರ ಹೋಗುತ್ತದೆ. ಮರ ನೀರು ಹೀರಿ ಹಲಗೆ ಉಬ್ಬುತ್ತದೆ, ಬ್ರಿಡ್ಜ್ ಮೇಲೇರುತ್ತದೆ, ಬೇಸಗೆಯಲ್ಲಿ ಸರಿಯಿದ್ದ ಆ್ಯಕ್ಷನ್ ಮಳೆಗಾಲಕ್ಕೆ ಎತ್ತರವಾಗುತ್ತದೆ. ಕರಾವಳಿ, ಮಲೆನಾಡು, ಕೊಡಗಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರನ್ನು ಬ್ಯಾಗಿನೊಳಗೆ 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ, ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಗೆಯಲ್ಲಿ ತೊಂದರೆ ಇದರ ತದ್ವಿರುದ್ಧ. ಫ್ರೆಟ್‌ಬೋರ್ಡ್ ಒಣಗಿ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಚಾಚಿ ಕೈ ಗೀರುತ್ತವೆ, ಒಂಟಿ ಹಲಗೆಯಾದರೆ ಸೀಳುತ್ತದೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜ್ ಹಾಕಿ ಬ್ಯಾಗಿನೊಳಗೆ ಇಟ್ಟು, ಎರಡು ಮೂರು ದಿನಕ್ಕೊಮ್ಮೆ ಒದ್ದೆ ಮಾಡಿದರೆ ಸಾಕು. ಬೆಂಗಳೂರಿನವರಿಗೂ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇದೇ ಮಾತು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಯಾವ ಊರಿನಲ್ಲೂ ಬಿಡಬೇಡಿ, ಬಿಸಿಲಿಗೆ ಬ್ರಿಡ್ಜಿನ ಅಂಟು ಮೆತ್ತಗಾಗುತ್ತದೆ.

ದಿನಾ ನುಡಿಸುವ ಗಿಟಾರಿನ ತಂತಿಯನ್ನು ರಾತ್ರಿ ಸಡಿಲಿಸಬೇಕಾಗಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ, ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ. ಕರಾವಳಿಯಲ್ಲಿ ಅದಕ್ಕೂ ಮೊದಲೇ ತುಕ್ಕು ಕಾಣಿಸುತ್ತದೆ. ಬದಲಿಸುವಾಗ ದಪ್ಪ .012ರಿಂದ .010ಕ್ಕೆ ಇಳಿದರೆ ಎಳೆತ ಕಮ್ಮಿಯಾಗಿ ಕುತ್ತಿಗೆ ಹಿಂದಕ್ಕೆ ಸರಿಯುತ್ತದೆ. ಮೊದಲ ಫ್ರೆಟ್‌ಗಳಲ್ಲಿ ಝುಂ ಸದ್ದು ಹೊಸದಾಗಿ ಶುರುವಾದರೆ ಟ್ರಸ್ ರಾಡನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ, ವಿಸಿಟಿಂಗ್ ಕಾರ್ಡಿನ ಅಳತೆ ಮತ್ತೊಮ್ಮೆ ನೋಡಿ.